ಡಿಮೆನ್ಷಿಯಾ ಇರುವ ಹಿರಿಯರಿಗೆ ಆರೈಕೆ ಕೇಂದ್ರ ಹುಡುಕುವಾಗ: ಹುಬ್ಬಳ್ಳಿ-ಧಾರವಾಡ ಕಡೆಯವರಿಗೆ ಒಂದು ಮಾರ್ಗದರ್ಶಿ

ಆರೈಕೆ ಕೇಂದ್ರ ನೋಡಿ ಬರಲು ಹೋಗುವವರು ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗುತ್ತಾರೆ. ಆಗ ನೆಲ ಒರೆಸಿರುತ್ತದೆ, ಎಲ್ಲರ ಸ್ನಾನ ಮುಗಿದಿರುತ್ತದೆ, ಮ್ಯಾನೇಜರು ಕುರ್ಚಿಯಲ್ಲಿ ಇರುತ್ತಾರೆ. ಆದರೆ ಡಿಮೆನ್ಷಿಯಾ (ನೆನಪು, ವಿವೇಚನೆ ಕುಂದುತ್ತಾ ಹೋಗುವ ಮಿದುಳಿನ ಕಾಯಿಲೆ) ಇರುವ ಬಹಳ ಜನಕ್ಕೆ ಕಷ್ಟದ ಹೊತ್ತು ಶುರುವಾಗುವುದೇ ಸಂಜೆ. ಬೆಳಕು ಇಳಿಯುತ್ತಿದ್ದಂತೆ ಗಾಬರಿ, ಸಿಟ್ಟು, "ಮನಿಗೆ ಹೋಗ್ತೀನಿ" ಅನ್ನುವ ಹಟ ಜಾಸ್ತಿ ಆಗುತ್ತದೆ. ರಾತ್ರಿ ಎದ್ದು ಓಡಾಡುತ್ತಾರೆ. ಆ ಹೊತ್ತಿನಲ್ಲಿ ಅವರ ಹತ್ತಿರ ಯಾರಿರುತ್ತಾರೆ, ಅವರನ್ನು ಹೇಗೆ ಮಾತಾಡಿಸುತ್ತಾರೆ ಎನ್ನುವುದನ್ನು ನೋಡಿ ಕೇಂದ್ರ ಆರಿಸಬೇಕು. ಕಟ್ಟಡ, ಹೂದೋಟ, ಟಿವಿ ಹಾಲ್ ಎಲ್ಲ ಆಮೇಲೆ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮನೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುತ್ತಾರೆ. ಅವ್ವ ಅಥವಾ ಅಪ್ಪ ಮಾಳಮಡ್ಡಿಯ, ಕೇಶ್ವಾಪುರದ ಹಳೆ ಮನೆಯಲ್ಲಿ ಇರುತ್ತಾರೆ. ಜೊತೆಗಿರುವ ಸೊಸೆ ರಾತ್ರಿ ಸರಿಯಾಗಿ ನಿದ್ದೆ ಮಾಡಿ ತಿಂಗಳುಗಳಾಗಿರುತ್ತವೆ. ಇಷ್ಟಾದರೂ "ವೃದ್ಧಾಶ್ರಮಕ್ಕ ಹಾಕಿದ್ರು ನೋಡ್ರಿ" ಅನ್ನುವ ಮಂದಿಯ ಮಾತಿಗೆ ಹೆದರಿ ದಿನ ದೂಡುತ್ತಾರೆ. ನೋಡಿಕೊಳ್ಳುವವರೇ ಹಾಸಿಗೆ ಹಿಡಿಯುವ ತನಕ ಕಾಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜು ಮಾಡಿದೆ. ನಿಮ್ಮ ಓಣಿಯಲ್ಲೇ ಇಂಥ ಇನ್ನೊಂದು ಮನೆ ಇರಬಹುದು. ಅವರು ಯಾರಿಗೂ ಹೇಳಿಕೊಂಡಿರುವುದಿಲ್ಲ, ಅಷ್ಟೆ.

ಮೊದಲು ರೋಗ ಯಾವುದು ಅಂತ ಖಚಿತವಾಗಲಿ

"ವಯಸ್ಸಾತು, ಅರಳು ಮರಳು" ಅಂದುಕೊಂಡು, ಒಂದು ಪರೀಕ್ಷೆಯನ್ನೂ ಮಾಡಿಸದೆ ಕೇಂದ್ರ ಹುಡುಕಲು ಹೊರಡುವವರಿದ್ದಾರೆ. ಹಾಗೆ ಮಾಡಬೇಡಿ. ಬಿ12 ಕೊರತೆ, ಥೈರಾಯ್ಡ್ ಕಡಿಮೆಯಾಗಿರುವುದು, ಖಿನ್ನತೆ, ಕೆಲವು ಗುಳಿಗೆಗಳ ಅಡ್ಡ ಪರಿಣಾಮ, ಎಂದೋ ಬಿದ್ದಾಗ ತಲೆಯೊಳಗೆ ನಿಧಾನವಾಗಿ ಸೇರಿಕೊಂಡ ರಕ್ತ ಇವೆಲ್ಲ ಡಿಮೆನ್ಷಿಯಾ ಹಾಗೇ ಕಾಣುತ್ತವೆ. ಇವುಗಳಿಗೆ ಚಿಕಿತ್ಸೆ ಇದೆ. ಒಂದೆರಡು ದಿನದಲ್ಲೇ ಗೊಂದಲ ಒಮ್ಮೆಲೆ ಹೆಚ್ಚಾದರೆ ಮೂತ್ರದ ಸೋಂಕೋ ಬೇರೆ ಸೋಂಕೋ ಆಗಿರಬಹುದು. ಆಗ ಹೋಗಬೇಕಾದ್ದು ಆಸ್ಪತ್ರೆಗೆ.

ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್, ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ನಡುವೆ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ ಮೂರೂ ನಮಗೆ ಹತ್ತಿರವೇ. ಡಿಮ್ಹಾನ್ಸ್ ಅಂದ ಕೂಡಲೇ ಹಿಂದೆ ಸರಿಯುವವರು ಇನ್ನೂ ಇದ್ದಾರೆ. ಹಳೆ ಕಾಲದ ಮಾನಸಿಕ ಆಸ್ಪತ್ರೆಯ ಹೆಸರು ಅವರ ತಲೆಯಲ್ಲಿ ಉಳಿದುಬಿಟ್ಟಿದೆ. ಆ ಹಿಂಜರಿಕೆಯಿಂದ ನಷ್ಟ ಆಗುವುದು ರೋಗಿಗೆ.

ಡಾಕ್ಟರ ಹತ್ತಿರ ಬರೆಸಿಕೊಳ್ಳಬೇಕಾದ್ದು ಇಷ್ಟು: ಯಾವ ಬಗೆಯ ಡಿಮೆನ್ಷಿಯಾ, ಈಗ ಯಾವ ಹಂತ, ಯಾವ ಯಾವ ಗುಳಿಗೆ, ಯಾವುದನ್ನು ಕೊಡಲೇಬಾರದು. ಬಗೆ ಯಾವುದು ಎನ್ನುವುದು ಸುಮ್ನೆ ಹೆಸರಿನ ವಿಷಯ ಅಲ್ಲ. ಉದಾಹರಣೆಗೆ, ಲೂಯಿ ಬಾಡಿ ಬಗೆಯ ಡಿಮೆನ್ಷಿಯಾ ಇದ್ದವರಿಗೆ ಹ್ಯಾಲೋಪೆರಿಡಾಲ್‌ನಂಥ ಔಷಧಿ ಪ್ರಾಣಕ್ಕೇ ಅಪಾಯ ತರಬಹುದು. ಕೇಂದ್ರದಲ್ಲಿ ರಾತ್ರಿ ಪಾಳಿಯವರು ಗಲಾಟೆ ತಡೆಯಲು ಏನಾದರೂ ಕೊಡುವ ಮೊದಲೇ ಇದು ಅವರ ಫೈಲಿನಲ್ಲಿ ದಪ್ಪ ಅಕ್ಷರದಲ್ಲಿ ಇರಬೇಕು.

ಒಂದು ವಾರದ ದಿನಚರಿ ಬರೆಯಿರಿ

ಇದನ್ನು ದಿನಾ ಜೊತೆಗಿರುವವರೇ ಬರೆಯಬೇಕು, ಹಬ್ಬಕ್ಕೆ ಬಂದು ಹೋಗುವ ಮಗನಲ್ಲ. ಎಷ್ಟು ಹೊತ್ತಿಗೆ ಏಳುತ್ತಾರೆ, ರಾತ್ರಿ ಎಷ್ಟು ಸಲ ಏಳುತ್ತಾರೆ, ಸ್ನಾನಕ್ಕೆ ಒಪ್ಪುತ್ತಾರಾ, ಸಂಡಾಸಿಗೆ ತಾವೇ ಹೋಗುತ್ತಾರಾ, ನುಂಗುವಾಗ ಕೆಮ್ಮು ಬರುತ್ತದಾ, ಬಾಗಿಲು ತೆಗೆದು ಹೊರಗೆ ನಡೆದುಬಿಡುತ್ತಾರಾ, ಕೈ ಎತ್ತುತ್ತಾರಾ. ಏನನ್ನೂ ಮುಚ್ಚಿಡದೆ ಬರೆಯಿರಿ. ಇದೇ ಹಾಳೆ ಮುಂದೆ ಕೇಂದ್ರದವರ ಮುಂದೆ ಇಡುವ ಹಾಳೆ. "ಸ್ವಲ್ಪ ಮರೆವು ಐತ್ರಿ" ಅಂತಷ್ಟೇ ಹೇಳಿ ಸೇರಿಸಿದರೆ, ಎರಡು ವಾರದಲ್ಲಿ "ನಮ್ಮ ಕೈಲೆ ಆಗೂದಿಲ್ಲ, ಕರ್ಕೊಂಡು ಹೋಗ್ರಿ" ಅಂತ ಫೋನ್ ಬರುತ್ತದೆ. ಇನ್ನೊಮ್ಮೆ ಜಾಗ ಬದಲಾದರೆ ಆ ಹಿರಿಯರ ಗೊಂದಲ ಇನ್ನಷ್ಟು ಹೆಚ್ಚುತ್ತದೆ.

ನಮ್ಮ ಕಡೆ ಸಿಗುವುದು ಏನು

ಮಠ, ಟ್ರಸ್ಟುಗಳು ನಡೆಸುವ ಸಾಮಾನ್ಯ ವೃದ್ಧಾಶ್ರಮಗಳಲ್ಲಿ ಬಹುಪಾಲು ಕಡೆ ಒಂದು ಷರತ್ತು ಇರುತ್ತದೆ: ತಮ್ಮ ಕೆಲಸ ತಾವು ಮಾಡಿಕೊಳ್ಳುವಂತಿರಬೇಕು. ಅಲ್ಲಿ ಕಾಳಜಿ ಇರಬಹುದು, ಆದರೆ ರಾತ್ರಿ ಎದ್ದು ಓಡಾಡುವವರನ್ನು ನೋಡಲು ಜನ ಇರುವುದಿಲ್ಲ. ಎರಡನೆಯದು ದುಡ್ಡು ಕೊಟ್ಟು ಇರಿಸುವ ಆರೈಕೆ ಕೇಂದ್ರಗಳು, ನರ್ಸ್ ಇರುವಂಥವು. ಇವುಗಳಲ್ಲಿ ಪಾರ್ಶ್ವವಾಯು ಆದವರು, ಮೂಳೆ ಮುರಿದವರು, ಡಿಮೆನ್ಷಿಯಾ ಇರುವವರು ಎಲ್ಲ ಒಂದೇ ಕಡೆ ಇರುತ್ತಾರೆ. ಮೂರನೆಯದು ಡಿಮೆನ್ಷಿಯಾಕ್ಕೆಂದೇ ಇರುವ ಕೇಂದ್ರಗಳು. ಬೆಂಗಳೂರಿನಲ್ಲಿ ಇವು ಹೆಚ್ಚು. 1998ರಲ್ಲಿ ಶುರುವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಅಲ್ಲಿ ಈ ಕೆಲಸವನ್ನು ಬಹಳ ವರ್ಷಗಳಿಂದ ಮಾಡುತ್ತಿದೆ.

ಹಾಗಾದರೆ ಬೆಂಗಳೂರಿಗೇ ಕಳಿಸಿದರೆ ಆಯ್ತಲ್ಲ? ಮಕ್ಕಳು ಅಲ್ಲೇ ಇದ್ದರೆ ಖಂಡಿತ ಅದೇ ಸರಿ. ಆದರೆ ಹೋಗಿ ನೋಡುವವರೆಲ್ಲ ಹುಬ್ಬಳ್ಳಿ, ಗದಗಿನಲ್ಲಿದ್ದರೆ ನಾನು ಬೇಡ ಅನ್ನುತ್ತೇನೆ. ವಂದೇ ಭಾರತ್ ರೈಲಿನಲ್ಲಿ ಹೋದರೂ ಆರೇಳು ತಾಸು. ಮೊದಮೊದಲು ತಿಂಗಳಿಗೊಮ್ಮೆ ಹೋಗುತ್ತೀರಿ, ಆಮೇಲೆ ಹಬ್ಬಕ್ಕೊಮ್ಮೆ. ತನಗೇನಾಯ್ತು ಅಂತ ಬಾಯಿ ಬಿಟ್ಟು ಹೇಳಲಾರದ ಮನುಷ್ಯನಿಗೆ ಮನೆಯವರ ಕಣ್ಣೇ ರಕ್ಷಣೆ. ವಾರಕ್ಕೆರಡು ಸಲ, ಹೇಳದೆ ಕೇಳದೆ ಯಾರಾದರೂ ಬರುತ್ತಾರೆ ಅಂತ ಗೊತ್ತಿರುವ ಕಡೆ ಆರೈಕೆಯೂ ಚೆನ್ನಾಗಿ ನಡೆಯುತ್ತದೆ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಸಾಧಾರಣ ಕೇಂದ್ರ ಇದ್ದರೂ ಸಾಕು, ದೂರದ ಚಂದದ ಕೇಂದ್ರಕ್ಕಿಂತ ಅದನ್ನೇ ನಾನು ಆರಿಸುವೆ.

ಇನ್ನೊಂದು ಕಾರಣ ಮಾತು. ರೋಗ ಬೆಳೆದಂತೆ ಆಮೇಲೆ ಕಲಿತ ಭಾಷೆಗಳು ಮೊದಲು ಜಾರಿ ಹೋಗುತ್ತವೆ, ಚಿಕ್ಕಂದಿನ ಮಾತು ಉಳಿಯುತ್ತದೆ. ಬ್ಯಾಂಕಿನಲ್ಲಿ ಇಂಗ್ಲಿಷ್ ಮಾತಾಡಿದ ಅಪ್ಪ ಈಗ ಊರಿನ ಕನ್ನಡದಲ್ಲೇ ಸಂಡಾಸು ಕೇಳುತ್ತಾರೆ. ಮನೆಮಾತು ಮರಾಠಿ, ಉರ್ದು, ಕೊಂಕಣಿ ಆಗಿದ್ದರೆ ಆ ಮಾತು ಬರುವ ಒಬ್ಬರಾದರೂ ಕೇಂದ್ರದಲ್ಲಿ ಇರಬೇಕು. ಕೇಳುವುದಕ್ಕೆ ಸಂಕೋಚ ಬೇಡ: "ರಾತ್ರಿ ಇರೋರು ಯಾವ ಭಾಷೆ ಮಾತಾಡ್ತಾರ್ರಿ?"

ಓಡಾಡಿ ಸುಸ್ತಾಗುವ ಮೊದಲು ಫೋನಿನಲ್ಲೇ ಮೂರು ಪ್ರಶ್ನೆ ಕೇಳಿ. ಡಿಮೆನ್ಷಿಯಾ ಇದ್ದವರನ್ನು ಇಟ್ಟುಕೊಳ್ಳುತ್ತೀರಾ? ಮುಂದೆ ಹಾಸಿಗೆ ಹಿಡಿದರೂ ಇಟ್ಟುಕೊಳ್ಳುತ್ತೀರಾ? ಯಾವ ಹೊತ್ತಿನಲ್ಲಾದರೂ ಬಂದು ನೋಡಬಹುದಾ? ಮೂರನೆಯದಕ್ಕೆ "ಭಾನುವಾರ ಮಾತ್ರ, ನಾಲ್ಕರಿಂದ ಐದು" ಅಂದರೆ ಆ ಹೆಸರನ್ನು ಅಲ್ಲೇ ಹೊಡೆದುಹಾಕಿ.

ಸಂಜೆ ಹೋಗಿ, ಕುಳಿತು ನೋಡಿ

ಮೊದಲ ಸಲ ಹೇಳಿ ಹೋಗಿ. ಎರಡನೇ ಸಲ ಹೇಳದೆ ಹೋಗಿ, ಸಂಜೆ ಆರರ ಮೇಲೆ. ಮ್ಯಾನೇಜರ ಕೋಣೆಯಲ್ಲಿ ಚಾ ಕುಡಿದು ಬರಬೇಡಿ. ಹಾಲಿನ ಒಂದು ಮೂಲೆಯಲ್ಲಿ ಅರ್ಧ ತಾಸಾದರೂ ಸುಮ್ನೆ ಕುಳಿತುಕೊಳ್ಳಿ.

ಯಾರೋ ಒಬ್ಬರು ಅಜ್ಜಿ ಬಾಗಿಲ ಹತ್ತಿರ ಬಂದು ಮನೆಗೆ ಹೋಗಬೇಕು ಅನ್ನುತ್ತಾರೆ. ಇದು ಬಹುತೇಕ ಎಲ್ಲ ಕಡೆ ನಡೆಯುತ್ತದೆ. ಆಯಾ ಏನು ಮಾಡುತ್ತಾಳೆ ನೋಡಿ. "ಸುಮ್ನ ಕೂಡು, ಎಷ್ಟ್ ಸಲ ಹೇಳ್ಬೇಕು ನಿಂಗ" ಅಂತ ಗದರಿದರೆ ನಿಮಗೆ ಉತ್ತರ ಸಿಕ್ಕಿತು. "ಹೌದೇನವ್ವಾ, ಮನ್ಯಾಗ ಯಾರ್ಯಾರು ಅದಾರ? ಬಾ, ಮೊದಲ ಒಂದೀಟು ಚಾ ಕುಡಿ" ಅಂತ ಕೈ ಹಿಡಿದು ಕರೆದುಕೊಂಡು ಹೋದರೆ, ಆ ಕೇಂದ್ರದ ಬಣ್ಣ ಮಾಸಿದ ಗೋಡೆಯನ್ನು ಮರೆತುಬಿಡಿ. ವಾದ ಮಾಡದೆ, ಸುಳ್ಳು ಅನ್ನದೆ, ಗಮನ ಬೇರೆ ಕಡೆ ತಿರುಗಿಸುವುದು ಈ ಕೆಲಸದಲ್ಲಿ ದೊಡ್ಡ ಕಲೆ. ಅದನ್ನು ಯಾರಿಗಾದರೂ ಕಲಿಸಿದ್ದಾರಾ, ಎಲ್ಲಿ ಕಲಿಸಿದರು ಎಂದು ಕೇಳಿ.

ಆಮೇಲೆ ಅಲ್ಲಿರುವ ಹಿರಿಯರನ್ನು ಗಮನಿಸಿ. ಉಗುರು ಕತ್ತರಿಸಿದ್ದಾರಾ, ತಲೆ ಬಾಚಿದ್ದಾರಾ, ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಮಷೀನು ಅವರವರದ್ದು ಅವರವರ ಹತ್ತಿರ ಇದೆಯಾ. ಮೂತ್ರದ ವಾಸನೆ ಒಂದು ಹಾಸಿಗೆ ಹತ್ತಿರ ಬಂದರೆ ಅದು ಈಗಷ್ಟೇ ಆಗಿದ್ದು ಇರಬಹುದು. ಇಡೀ ಹಾಲಿನಲ್ಲಿ ಬಂದರೆ ಬಟ್ಟೆ ಬದಲಿಸುವವರು ಕಡಿಮೆ ಇದ್ದಾರೆ ಎಂದರ್ಥ. ವಾಸನೆ ಮುಚ್ಚುವಷ್ಟು ಫಿನಾಯಿಲ್ ಹೊಡೆದಿದ್ದರೂ ಅದೇ ಅರ್ಥ. ಯಾರನ್ನಾದರೂ ಕುರ್ಚಿಗೋ ಮಂಚಕ್ಕೋ ಸೀರೆಯಿಂದ, ದುಪ್ಪಟ್ಟಾದಿಂದ ಕಟ್ಟಿದ್ದಾರಾ ನೋಡಿ. "ಬೀಳಬಾರದು ಅಂತ" ಅನ್ನುತ್ತಾರೆ. ಕಟ್ಟಿದರೆ ಬೀಳುವುದು ತಪ್ಪುವುದಿಲ್ಲ. ಬಿಡಿಸಿಕೊಳ್ಳಲು ಎಳೆದಾಡಿ ಇನ್ನೂ ಜೋರಾಗಿ ಬೀಳುತ್ತಾರೆ, ಚರ್ಮ ಹುಣ್ಣಾಗುತ್ತದೆ. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು ಬೆನ್ನುಹುಣ್ಣು ತಡೆಯುವ ವಾಡಿಕೆಯ ಕ್ರಮ. ಅದನ್ನು ಬರೆದಿಡುವ ಪಟ್ಟಿ ಇದ್ದರೆ ಇವತ್ತಿನ ಪಟ್ಟಿ ತೋರಿಸಲು ಹೇಳಿ.

ರಾತ್ರಿ ಎಷ್ಟು ಜನ ಇರುತ್ತಾರೆ, ಎಷ್ಟು ಹಿರಿಯರಿಗೆ? ಅವರಲ್ಲಿ ನರ್ಸ್ ಕಲಿತವರು ಇದ್ದಾರಾ, ಅವರು ಎಚ್ಚರ ಇರುತ್ತಾರಾ ಅಥವಾ ಅಲ್ಲೇ ಮಲಗುತ್ತಾರಾ? ಕೆಲಸದವರು ಎಷ್ಟು ದಿನದಿಂದ ಇದ್ದಾರೆ ಅಂತ ಅವರನ್ನೇ ಮಾತಾಡಿಸಿ ತಿಳಿದುಕೊಳ್ಳಿ. ತಿಂಗಳಿಗೊಬ್ಬರು ಬದಲಾಗುವ ಕಡೆ ಪಗಾರ ಸರಿ ಇಲ್ಲ ಅಂತ ತಿಳಿಯಬೇಕು. ಮುಖಗಳು ಬದಲಾಗುತ್ತಿದ್ದರೆ ಡಿಮೆನ್ಷಿಯಾ ಇರುವವರಿಗೆ ಪ್ರತಿದಿನ ಹೊಸ ಊರು.

ನಮ್ಮ ಊರಿನವರು ಮರೆಯದೆ ಕೇಳಬೇಕಾದ ಪ್ರಶ್ನೆ ನೀರಿನದು. ಹುಬ್ಬಳ್ಳಿ-ಧಾರವಾಡದ ಎಷ್ಟೋ ಕಡೆ ನಳದ ನೀರು ದಿನಾ ಬರುವುದಿಲ್ಲ. ದಿನಕ್ಕೆ ಎರಡು ಮೂರು ಸಲ ತೊಳೆಯಬೇಕಾದ, ಬಟ್ಟೆ ಬದಲಿಸಬೇಕಾದ ಜನ ಇರುವ ಮನೆಯಲ್ಲಿ ಟ್ಯಾಂಕು ಎಷ್ಟು ದೊಡ್ಡದು, ಬೋರ್‌ವೆಲ್ ಇದೆಯಾ, ಬೇಸಿಗೆಯಲ್ಲಿ ಏನು ಮಾಡುತ್ತೀರಿ ಅಂತ ಕೇಳಿ. ಕರೆಂಟ್ ಹೋದಾಗ ಸಂಡಾಸಿನ ದಾರಿಯಲ್ಲಿ ದೀಪ ಉರಿಯುತ್ತದಾ ಎನ್ನುವುದೂ ಅಷ್ಟೇ ಮುಖ್ಯ, ಕತ್ತಲಲ್ಲಿ ಬೀಳುವ ಅಪಾಯ ಹೆಚ್ಚು. ಬಚ್ಚಲಲ್ಲಿ ಹಿಡಿಕೆ, ಜಾರದ ನೆಲ, ಒಳಗಿನಿಂದ ಚಿಲಕ ಹಾಕಿಕೊಂಡರೂ ಹೊರಗಿನಿಂದ ತೆಗೆಯಬಹುದಾದ ಬಾಗಿಲು ಇರಬೇಕು. ಹೊರಗಿನ ಗೇಟಿಗೆ ಕಾವಲು ಇರಬೇಕು. ಆದರೆ ಒಳಗೆ ಓಡಾಡಲು ಅಂಗಳವೂ ಬೇಕು. ದಿನವಿಡೀ ಕೋಣೆಗೆ ಬೀಗ ಹಾಕಿಡುವುದು ಆರೈಕೆ ಅಲ್ಲ.

ಊಟದ ಹೊತ್ತಿನಲ್ಲಿ ಇರಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಜೀವನಪೂರ್ತಿ ಜೋಳದ ರೊಟ್ಟಿ ತಿಂದವರಿಗೆ ಮೂರು ಹೊತ್ತು ಅನ್ನ ಸಾರು ಬಡಿಸಿ, ತಿನ್ನಲಿಲ್ಲ ಅಂತ ತಟ್ಟೆ ಎತ್ತಿಬಿಡುವ ಕಡೆ ಇವೆ. ಗಟ್ಟಿ ರೊಟ್ಟಿ ನುಂಗಲು ಆಗದವರಿಗೆ ಹಾಲಿನಲ್ಲೋ ಸಾರಿನಲ್ಲೋ ನೆನೆಸಿ ಕೊಡುತ್ತಾರಾ? ನೇರವಾಗಿ ಕೂರಿಸಿ, ಒಂದು ತುತ್ತು ನುಂಗಿದ ಮೇಲೆ ಇನ್ನೊಂದು ಕೊಡುತ್ತಾರಾ? ಮಲಗಿಸಿಕೊಂಡು ಗಡಿಬಿಡಿಯಲ್ಲಿ ತಿನ್ನಿಸಿದರೆ ಅನ್ನ ನೀರು ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ರೋಗದ ಕೊನೆ ಹಂತದಲ್ಲಿ ಸಾವಿಗೆ ದೊಡ್ಡ ಕಾರಣ ನ್ಯುಮೋನಿಯಾವೇ.

ಹೊರಗೆ ಬಂದ ಮೇಲೆ, ಅಲ್ಲಿ ತಮ್ಮವರನ್ನು ಇರಿಸಿದ ಬೇರೆ ಇಬ್ಬರು ಮೂವರನ್ನಾದರೂ ಮಾತಾಡಿಸಿ. ಕೇಂದ್ರದವರು ತಾವಾಗಿ ಕೊಟ್ಟ ನಂಬರಿಗಿಂತ, ಭೇಟಿಗೆ ಬಂದವರನ್ನು ಗೇಟಿನ ಹತ್ತಿರ ನಿಲ್ಲಿಸಿ ಕೇಳಿದ ಮಾತಿಗೆ ತೂಕ ಜಾಸ್ತಿ.

ಮಲಗಿಸುವ ಗುಳಿಗೆ

ಮಧ್ಯಾಹ್ನ ಮೂರಕ್ಕೂ ಎಲ್ಲರೂ ತೂಕಡಿಸುತ್ತಿದ್ದರೆ ಅನುಮಾನ ಪಡಿ. ಗಲಾಟೆ ಮಾಡುವವರಿಗೆ ರಿಸ್ಪೆರಿಡೋನ್, ಕ್ವೆಟಿಯಾಪಿನ್ ತರಹದ ಔಷಧಿಗಳನ್ನು ಕೊಡುವುದಿದೆ. ಕೆಲವು ಸಲ ಅವು ಬೇಕೇ ಬೇಕು. ಆದರೆ ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಇವು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಅದಕ್ಕೇ ಬರೆದು ಒಪ್ಪಿಸಿಕೊಳ್ಳಿ: ಡಾಕ್ಟರು ನೋಡದೆ, ಮನೆಯವರಿಗೆ ಹೇಳದೆ ಇಂಥ ಗುಳಿಗೆ ಶುರು ಮಾಡಬಾರದು. ಗಲಾಟೆಯ ಹಿಂದೆ ಹಲ್ಲುನೋವು, ಮಲಬದ್ಧತೆ, ಹಸಿವು, ಒದ್ದೆ ಬಟ್ಟೆ ಇರಬಹುದು. ಹೇಳಲು ಬಾರದವರು ಕೂಗುತ್ತಾರೆ. ಮೊದಲು ಅದನ್ನು ನೋಡುವವರು ಬೇಕು.

ಕಾಗದ, ದುಡ್ಡು

ಟ್ರಸ್ಟಿನ ನೋಂದಣಿ ಒಂದೇ ಇದ್ದರೆ ಸಾಲದು. ವೈದ್ಯಕೀಯ ಸೇವೆ ಕೊಡುತ್ತೇವೆ ಅನ್ನುವವರ ಹತ್ತಿರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಕೇಳಿ. ಮಾನಸಿಕ ಆರೋಗ್ಯ ಕೇಂದ್ರವಾಗಿ ನಡೆಯುವುದಾದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ರಾಜ್ಯ ಪ್ರಾಧಿಕಾರದ ನೋಂದಣಿ ಬೇಕು. ಆ ಕಾಯ್ದೆ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದೆ.

ತಿಂಗಳ ಶುಲ್ಕದಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂದು ಸಾಲು ಸಾಲಾಗಿ ಬರೆಸಿ. ಡೈಪರ್ ದಿನಕ್ಕೆ ಮೂರು ನಾಲ್ಕು ಅಂದರೆ ತಿಂಗಳಿಗೆ ನೂರರ ಹತ್ತಿರ ಆಗುತ್ತದೆ, ಅದರ ಬಿಲ್ಲೇ ಬೇರೆ ಬರಬಹುದು. ಠೇವಣಿ ಯಾವಾಗ ವಾಪಸ್ ಕೊಡುತ್ತಾರೆ, ನಡುವೆ ಬಿಡಿಸಿಕೊಂಡರೆ ಎಷ್ಟು ಹಿಡಿಯುತ್ತಾರೆ, ವರ್ಷಕ್ಕೆ ಎಷ್ಟು ಏರಿಸುತ್ತಾರೆ, ಆಸ್ಪತ್ರೆಗೆ ಸೇರಿಸಿದ ದಿನಗಳಿಗೂ ಶುಲ್ಕ ಉಂಟಾ, ಆಸ್ಪತ್ರೆಯಲ್ಲಿ ಹತ್ತಿರ ಯಾರು ಇರುತ್ತಾರೆ ಇವೆಲ್ಲ ಕರಾರಿನಲ್ಲಿ ಬರಲಿ. ಕೊನೆ ದಿನಗಳಲ್ಲಿ ಐಸಿಯು ಬೇಕೋ, ಅಲ್ಲೇ ನೋವಿಲ್ಲದಂತೆ ನೋಡಿಕೊಳ್ಳಬೇಕೋ ಎನ್ನುವ ಮಾತನ್ನೂ ಡಾಕ್ಟರು ಮತ್ತು ಕೇಂದ್ರದವರ ಜೊತೆ ಈಗಲೇ ಆಡಿ. ಕಷ್ಟದ ಮಾತು, ಆದರೆ ನಡುರಾತ್ರಿ ಫೋನಿನಲ್ಲಿ ತೀರ್ಮಾನಿಸುವುದು ಇನ್ನೂ ಕಷ್ಟ. ಆಸ್ತಿ ಬರೆದುಕೊಟ್ಟರೆ ಕೊನೆತನಕ ನೋಡಿಕೊಳ್ಳುತ್ತೇವೆ ಅನ್ನುವ ಕಡೆಯಿಂದ ಎದ್ದು ಬನ್ನಿ.

ರೋಗ ಇನ್ನೂ ಮೊದಲ ಹಂತದಲ್ಲಿದ್ದರೆ ಬ್ಯಾಂಕ್ ಖಾತೆಯನ್ನು ಜಂಟಿ ಮಾಡಿಸುವುದು, ಉಯಿಲು ಬರೆಸುವುದು ತಡ ಮಾಡಬೇಡಿ. ಪವರ್ ಆಫ್ ಅಟಾರ್ನಿ ಇದೆ ಅಂತ ನಿಶ್ಚಿಂತೆ ಬೇಡ. ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ಹೋದ ಮೇಲೆ ಭಾರತೀಯ ಕರಾರು ಕಾಯ್ದೆ ಪ್ರಕಾರ ಅದು ನಿಲ್ಲುವುದಿಲ್ಲ. ಪಿಂಚಣಿ ಇರುವವರಿಗೆ ನವೆಂಬರಿನ ಜೀವನ ಪ್ರಮಾಣ ಪತ್ರವನ್ನು ಮೊಬೈಲಿನಲ್ಲಿ ಮುಖ ತೋರಿಸಿ ಮಾಡಿಸಬಹುದು. ಬೆರಳಚ್ಚು ಸವೆದವರಿಗೆ ಇದು ಅನುಕೂಲ.

ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಖರ್ಚು ಹಂಚಿಕೊಳ್ಳುವುದನ್ನು ಸೇರಿಸುವ ಮೊದಲೇ ಮಾತಾಡಿ ಬರೆದಿಡಿ. ಯಾರು ಯಾವ ವಾರ ಹೋಗಿ ನೋಡುವುದು ಎನ್ನುವುದೂ ಅದರಲ್ಲಿ ಇರಲಿ. ಕೊಡಬಲ್ಲ ಮಕ್ಕಳು ಕೈ ಎತ್ತಿದರೆ, 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಹಿರಿಯರ ಪರವಾಗಿ ಬೇರೆಯವರೂ ಹಾಕಬಹುದು.

ಸೇರಿಸುವುದು, ಮೊದಲ ತಿಂಗಳು

ಸಾಧ್ಯವಾದರೆ ಮೊದಲು ಹದಿನೈದು ದಿನದ ಮಟ್ಟಿಗೆ ಇರಿಸಿ ನೋಡಿ. ಸೇರಿಸುವುದು ಬೆಳಿಗ್ಗೆ ಆಗಲಿ, ಸಂಜೆ ಬೇಡ. ಹೊಸ ಹೊದಿಕೆ ಕೊಳ್ಳುವ ಬದಲು ಮನೆಯ ಹಳೆ ಕೌದಿಯನ್ನೇ ಕೊಡಿ, ಅದರ ವಾಸನೆ ಅವರಿಗೆ ಗೊತ್ತು. ದೇವರ ಫೋಟೋ, ವಿಭೂತಿ ಕರಡಿಗೆ, ಧಾರವಾಡ ಆಕಾಶವಾಣಿ ಕೇಳುತ್ತಿದ್ದ ರೇಡಿಯೋ ಕೂಡ ಹೋಗಲಿ. ಬಂಗಾರ ಮಾತ್ರ ಬೇಡ.

ಒಂದು ಹಾಳೆಯಲ್ಲಿ ಅವರ ಬದುಕು ಬರೆದು ಮಂಚದ ಹತ್ತಿರ ಅಂಟಿಸಿ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರಿಗೆ ನಸುಕಿನಲ್ಲಿ ಡ್ಯೂಟಿಗೆ ಹೊರಡುವ ಅವಸರ ಈಗಲೂ ಬರಬಹುದು. ಅದು ಗೊತ್ತಿದ್ದ ವಾರ್ಡ್ ಬಾಯ್ "ಇವತ್ತ ಸೂಟಿ ಐತ್ರಿ ಅಜ್ಜಾರ" ಅಂದರೆ ಅವರು ಸಮಾಧಾನವಾಗಿ ಮಲಗಬಹುದು. ಯಾವ ಹೆಸರಿನಿಂದ ಕರೆದರೆ ತಿರುಗಿ ನೋಡುತ್ತಾರೆ, ಯಾವ ವಚನ, ಯಾವ ಹಾಡು ಇಷ್ಟ, ಯಾವುದಕ್ಕೆ ಹೆದರುತ್ತಾರೆ ಎಲ್ಲ ಬರೆಯಿರಿ.

"ಮನಿಗೆ ಯಾವಾಗ?" ಅಂತ ಕೇಳಿದಾಗ ಎದೆ ಹಿಂಡಿದಂತೆ ಆಗುತ್ತದೆ. ಇಲ್ಲೇ ಇರಬೇಕು ಅಂತ ವಿವರಿಸಿದರೆ ಪ್ರತಿ ಸಲವೂ ಹೊಸದಾಗಿ ಕೇಳಿದಂತೆ ನೋಯುತ್ತಾರೆ. "ಮನಿ ನೆನಪಾತೇನವ್ವಾ?" ಅಂತ ಮನೆಯ ಮಾತೇ ಆಡಿ, ತಲೆಗೆ ಎಣ್ಣೆ ಹಚ್ಚಿ, ಜೊತೆಗೆ ಊಟ ಮಾಡಿ. ಹೊರಡುವಾಗ ದೊಡ್ಡ ವಿದಾಯ ಬೇಡ. ಅವರು ಊಟಕ್ಕೆ ಕುಳಿತ ಹೊತ್ತಿಗೆ ಎದ್ದು ಬಂದರೆ ಸುಲಭ. ಹೊಂದಿಕೊಳ್ಳಲು ಕೆಲವು ವಾರ ಹಿಡಿಯುತ್ತದೆ.

ಆ ವಾರಗಳಲ್ಲಿ ಗಮನಿಸಬೇಕಾದ್ದು: ತೂಕ ಇಳಿಯುತ್ತಿದೆಯಾ, ಮೈಮೇಲೆ ಕಾರಣ ಹೇಳದ ಕಂದು ಗುರುತು ಇದೆಯಾ, ಬೆನ್ನು ಮತ್ತು ಹಿಮ್ಮಡಿಯ ಚರ್ಮ ಕೆಂಪಾಗಿದೆಯಾ, ಒಬ್ಬ ನಿರ್ದಿಷ್ಟ ಕೆಲಸದವರು ಬಂದರೆ ಮುದುರಿಕೊಳ್ಳುತ್ತಾರಾ. ಅನುಮಾನ ಬಂದರೆ ಫೋಟೋ ತೆಗೆದು, ದಿನಾಂಕ ಬರೆದು, ಕೇಂದ್ರದ ಮುಖ್ಯಸ್ಥರಿಗೆ ಲಿಖಿತವಾಗಿ ಕೊಡಿ. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಕರೆ ಮಾಡಬಹುದು. ಹೊಡೆತ, ಗಾಯ ಇದ್ದರೆ ನೇರವಾಗಿ 112. ನೋಡಿಕೊಂಡು ನೋಡಿಕೊಂಡು ನೀವೇ ಸೋತುಹೋಗಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನೀವು ನೋಡಿ ಬಂದ ಕೇಂದ್ರಗಳಲ್ಲಿ ಎರಡನೆಯದಾಗಿ ಇಷ್ಟವಾದದ್ದರ ನಂಬರನ್ನು ಅಳಿಸಬೇಡಿ. ಬದಲಿಸಲೇಬೇಕಾಗಿ ಬಂದರೆ ಗುಳಿಗೆ ಪಟ್ಟಿ, ಪರೀಕ್ಷೆಯ ವರದಿ, ಆ ಬದುಕಿನ ಹಾಳೆ, ಕೌದಿ ನಾಲ್ಕನ್ನೂ ಕೇಳಿ ತೆಗೆದುಕೊಂಡು ಹೊರಡಿ.